ಪುಟ್ಟಿಗೆ, ಆ ಹುಡುಗಿ ಎಲ್ಲಾ ಮರೆತಿದ್ದಾಳೆ ಅಂದಿದ್ದಕ್ಕೆ

ಪುಟ್ಟಿ,

ಕಾಗದ ಓದಿದೆ. ಬೇರೆಲ್ಲಾ ಸರಿ ಕಣೇ, ಆ ಒಂದು ಸಾಲು ಮಾತ್ರ ರಾತ್ರಿ ನಿದ್ದೆ ಕೆಡಿಸ್ತು. ಕೊಡಗಿಂದ ವಾಪಸ್ ಬಂದಿರೋ ನಿನ್ನ ಕ್ಲಾಸಿನ ಹುಡುಗಿ ಒಂದಕ್ಷರಾನೂ ಗುರುತಿಸ್ತಿಲ್ಲ, ಕಲಿಸಿದ್ದೆಲ್ಲಾ ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು ದೊಡ್ಡಮ್ಮ ಅಂತ ಬರ್ದಿದ್ಯಲ್ಲ, ಅದು.

ಮರೆತಿದ್ದಾಳೆ ಅಂತ ನಿಂಗೆ ಹೇಗೆ ಗೊತ್ತಾಯ್ತು? ಬಂದ ದಿನಾನೇ ಅಕ್ಷರದ ಕಾರ್ಡ್ ಕೈಗಿಟ್ಟು ಓದು ಅಂದ್ಯಾ? ಅಪ್ಪ ಅಮ್ಮನ ಜೊತೆ ಕಾಫಿ ತೋಟದ ಕೂಲಿಯೋರ ಲೈನ್ ಮನೇಲಿದ್ದು, ಅರೇಬಿಕಾ ಮುಗೀತು ಇನ್ನು ರೋಬಸ್ಟಾ ಅಂತ ಮಾರ್ಚ್‌ವರೆಗೂ ಅಲ್ಲೇ ಕಳೆದು ಬಂದ ಮಗು ಅದು, ಉಳಿದೋರೆಲ್ಲಾ ಅವಳ ಮುಖಾನೇ ನೋಡ್ತಿರುವಾಗ ಬಾಯಿ ಎಲ್ಲಿಂದ ಬರಬೇಕು ಹೇಳು. ನಾಚಿಕೆ ಇರಬಹುದು ಕಣಮ್ಮ, ಮರೆವೇ ಆಗಬೇಕಂತಿಲ್ಲ.

ನಾನೂ ಅದೇ ಹೆಗ್ಗಡದೇವನ ಕೋಟೆ ತಾಲೂಕಲ್ಲಿ ಟೀಚರಾಗಿ ಇದ್ದೋಳಲ್ವಾ. ಮೊದಲೆಲ್ಲಾ ಇಡೀ ಕ್ಲಾಸಿಗೆ ಒಂದೇ ಪಾಠ, ಕಾಫಿ ಕೊಯ್ಲಿಗೆ ಹೋದ ಹಾಡಿ ಮಕ್ಕಳು, ಅದೇ ಕಾಡಂಚಿನ ಆದಿವಾಸಿ ಕೇರಿಯವು, ಯುಗಾದಿ ಹೊತ್ತಿಗೆ ಬಂದ್ರೆ ನಾವು ಪುಸ್ತಕದ ಕೊನೇಲಿರ್ತಿದ್ವಿ, ಪಾಪ ಅವು ಗೋಡೆ ಪಕ್ಕ ಕೂತು ಬೆಲ್ ಹೊಡೆಯೋದು ಕಾಯ್ತಿದ್ವು. 1995ರಲ್ಲಿ ನಮ್ಮ ತಾಲೂಕಲ್ಲೇ ನಲಿ-ಕಲಿ ಶುರುವಾಯ್ತು ನೋಡು, ಒಂದೊಂದು ಮಗೂನೂ ತನ್ನ ವೇಗದಲ್ಲಿ ಕಾರ್ಡ್ ಹಿಡಿದು ಮೆಟ್ಟಿಲು ಮೆಟ್ಟಿಲಾಗಿ ಕಲಿಯೋದು, ಮೇಷ್ಟ್ರುಗಳು ಆಂಧ್ರದ ರಿಷಿ ವ್ಯಾಲಿ ಸ್ಕೂಲಿಗೆ ಹೋಗಿ ನೋಡ್ಕೊಂಡು ಬಂದು ಮಾಡಿದ್ದು, ಆಮೇಲೇನೇ ಬಿಟ್ಟ ಮೆಟ್ಟಿಲಿಂದ ಮತ್ತೆ ಹತ್ತಬಹುದು ಅಂತಾಗಿದ್ದು. ಅದ್ರ ಬಗ್ಗೆ ನಂಗೆ ತಕರಾರಿಲ್ಲ ಅಂತಲ್ಲ, ಬರೆಯೋ ಕೆಲಸಾನೇ ಜಾಸ್ತಿ, ಕಾರ್ಡ್ ಹರಿದ್ರೆ ಹೊಸದು ಬರೋದು ಯಾವಾಗಲೋ. ಆದ್ರೆ ಇಂಥ ಮಕ್ಕಳಿಗೆ ಅದೊಂದು ದಾರಿ ಕಣೇ.

ಒಬ್ಬ ಹುಡುಗ ಇದ್ದ. ಹಿಂಗೇ ಹಬ್ಬ ಕಳೆದ ಮೇಲೆ ಬಂದ, ಕಾರ್ಡ್ ಮುಟ್ಟಲಿಲ್ಲ, ನಾನೂ ಇವನು ಎಲ್ಲಾ ಮರೆತಿದ್ದಾನೆ ಅಂತಾನೇ ಅಂದ್ಕೊಂಡಿದ್ದೆ. ಸೆಕೆ ಅಂತ ಎಲ್ಲರನ್ನೂ ಹೊಂಗೆ ಮರದ ಕೆಳಗೆ ಕೂರಿಸಿದ್ದೆ, ಮೇಲೆ ಜೇನುಹುಳದ ಗುಂಯ್ ಅನ್ನೋ ಸದ್ದು, ನೆಲ ತುಂಬಾ ಹೂ. ಮಕ್ಕಳು ಆ ಹೂ ಗುಡ್ಡೆ ಹಾಕಿ ಅಕ್ಷರ ಮಾಡ್ತಿದ್ವು, ಮೊದಲ ಮೆಟ್ಟಿಲಿನ ರ ಗ ಸ ದ ಅ. ಇವನು ದೂರದಲ್ಲಿ ಕೂತೋನು ಬೆರಳಲ್ಲಿ ಹೂ ತಳ್ಳಿ ತಳ್ಳಿ 'ಸರ' ಮಾಡಿದ, ಅಳಿಸಿದ, ಆಮೇಲೆ 'ಗರಗಸ' ಅಂತ ಮಾಡಿದ, ಗ ಸ್ವಲ್ಪ ಸೊಟ್ಟ. ಯಾರೂ ಕೇಳಿರಲಿಲ್ಲ ಅವನನ್ನ. ಗರಗಸಾನ ತೋಟದಲ್ಲಿ ನೋಡಿದ್ನೋ ಏನೋ.

ಆ ಬೇಸಿಗೇಲೇ ನಂಗೆ ವರ್ಗ ಆಯ್ತು. ಜೂನಲ್ಲಿ ಅವನು ಬಂದ್ನಾ, ಬಂದಿದ್ರೆ ಹೊಸ ಟೀಚರ್ ಎಲ್ಲಿಂದ ಶುರು ಮಾಡಿದ್ರು, ಒಂದೂ ಗೊತ್ತಾಗಲಿಲ್ಲ. ಒಂದು ಚೀಟಿ ಬರೆದಿಟ್ಟು ಬರಬಹುದಿತ್ತಲ್ಲಾ ಅಂತ ಈಗಲೂ ಅನ್ಸತ್ತೆ.

ಏನು ಮಾಡಲಿ ಅಂತ ಕೇಳಿದ್ದೀಯ, ನಾನೇನು ಹೇಳಲಿ, ಟ್ರೈನಿಂಗ್ ಎಲ್ಲಾ ಮಾಡಿರೋಳು ನೀನು. ಅವಳನ್ನ ಓದು ಅನ್ನೋ ಮೊದಲು ಮಾತಾಡಿಸು, ಕಾಫಿ ಹಣ್ಣು ಯಾವ ಬಣ್ಣ ಬಂದಾಗ ಕೀಳ್ತಾರೆ, ತೋಟದಲ್ಲಿ ಏನೇನು ಮರ ಇದೆ, ಇದು ನಿಂಗಿಂತ ಅವಳಿಗೇ ಚೆನ್ನಾಗಿ ಗೊತ್ತು, ಎಲ್ಲರ ಮುಂದೆ ಹೇಳಲಿ. ವರ್ಷದ ಕೊನೇ ಪರೀಕ್ಷೆ, ಎಸ್‌ಎ-2, ಹತ್ರ ಬಂತು ಅಂತ ಗಾಬರಿ ಬಿದ್ದು ಅವಳನ್ನ ಎಳೀಬೇಡ. ಎರಡನೇ ಮೆಟ್ಟಿಲು ತಲುಪಿದ್ಲು ಅಂದ್ಯಲ್ಲ, ಮ ಅಲ್ಲೇ ಬರೋದು, ಹಾಗಿದ್ರೆ 'ಮರ' ಬರೆಯಕ್ಕೆ ಬಂದೇ ಬರತ್ತೆ, ಹೊರಗಡೆ ಮರದ ಕೆಳಗೇ ಕೂತು ನೋಡಿ. ನಿಮ್ಮ ಹೆಡ್ ಮೇಷ್ಟ್ರು ಇದೇನು ಆಟ ಅಂತಾರೇನೋ, ಅದು ನಂಗೊತ್ತಿಲ್ಲಪ್ಪ.

ಹಾಂ, ಎಲ್ಲಿಗೆ ನಿಲ್ಲಿಸಿದ್ಲು ಅನ್ನೋದನ್ನ ಮಕ್ಕಳ ಕಲಿಕೆ ಗುರುತು ಹಾಕೋ ಪ್ರಗತಿ ನೋಟದಲ್ಲಿ ಬರೆದಿದ್ರೂ ಬೇರೆ ಹಾಳೇಲೂ ಬರೆದಿಡು, ನೀನೇ ಇರ್ತೀಯ ಅಂತಿದ್ರೂ ಸರಿ.

ಮರೆತಿದ್ದಾಳೆ ಅಂತ ಮಾತ್ರ ಅವಳ ಎದುರಿಗೆ ಅನ್ನಬೇಡ್ವೇ. ಅವಳಮ್ಮನ ಹತ್ರಾನೂ ಬೇಡ, ಮುಂದಿನ ಸಲ ಕೊಯ್ಲಿಗೆ ಹೋದೋರು ಸ್ಕೂಲೇ ಬೇಡ ಅಂದ್ಬಿಟ್ರೆ ಕಷ್ಟ. ರಜಾ ಬಿಟ್ಟ ತಕ್ಷಣ ಇಲ್ಲಿಗೆ ಬಾ, ಅದಕ್ಕೂ ಮುಂಚೆ ಅವಳೇನಾದ್ರೂ ಬಾಯಿಬಿಟ್ರೆ ವಾಟ್ಸಾಪಲ್ಲಿ ಒಂದು ಸಾಲು ಹಾಕು.

ನಿನ್ನ ದೊಡ್ಡಮ್ಮ