ಚಿಕ್ಕಪ್ಪನಿಗೆ, ರೆಡ್‌ಕ್ಲಿಫ್‌ನಿಂದ

ರೆಡ್‌ಕ್ಲಿಫ್, ಕ್ವೀನ್ಸ್‌ಲ್ಯಾಂಡ್, ಆಸ್ಟ್ರೇಲಿಯಾ
ಜೂನ್, ಭಾನುವಾರ ಮಧ್ಯಾಹ್ನ

ಪ್ರೀತಿಯ ಚಿಕ್ಕಪ್ಪನಿಗೆ ನಮಸ್ಕಾರ.

ನಾನಿಲ್ಲಿ ಚೆನ್ನಾಗಿದ್ದೇನೆ. ನೀವೂ ಚಿಕ್ಕಮ್ಮನೂ ಆರಾಮಾಗಿದ್ದೀರಿ ಎಂದುಕೊಂಡಿದ್ದೇನೆ. ಮಂಡಿಗೆ ಅಂತ ಕಳಿಸಿದ ಪಟ್ಟಿ ಹಾಕಿಕೊಳ್ಳುತ್ತಿದ್ದೀರಾ, ಇಲ್ಲ ಬೀರುವಿನಲ್ಲಿ ಮಡಿಸಿ ಇಟ್ಟಿದ್ದೀರಾ? ಅಮ್ಮ ಹೇಳುವ ಪ್ರಕಾರ ಬೀರುವಿನಲ್ಲಿದೆ.

ಫೋನಿನಲ್ಲಿ ನಿಮಗೆ ಅರ್ಧ ಕೇಳಿಸುವುದಿಲ್ಲ. ಸುಮ್ನೆ "ಹೂಂ ಹೂಂ" ಅಂದು ಚಿಕ್ಕಮ್ಮನ ಕೈಗೆ ಕೊಡುತ್ತೀರಿ. ಅದಕ್ಕೇ ಈ ಕಾಗದ. ನಿಧಾನಕ್ಕೆ ಓದಿಕೊಳ್ಳಿ, ಜಗಲಿ ಮೇಲೆ ಕೂತು.

ಹೋದ ಸಲ ಕೇಳಿದ್ದಿರಿ, "ಅಲ್ಲಿ ಕಬಡ್ಡಿ ಆಡ್ತಾರೇನವ್ವ?" ಅಂತ. ನಮ್ಮವರು ನಾಲ್ಕು ಜನ ಸೇರಿದ ಕಡೆ ಆಡಿದರೂ ಆಡಿಯಾರು, ನಾನಂತೂ ನೋಡಿಲ್ಲ. ಆದರೆ ಕಬಡ್ಡಿಗೆ ದಾಯಾದಿ ಅನ್ನಬಹುದಾದ ಆಟ ಒಂದಿದೆ. ರಗ್ಬಿ ಲೀಗ್ ಅಂತ. ಒಂದು ತಂಡಕ್ಕೆ 13 ಜನ, ಮೊಟ್ಟೆಯಾಕಾರದ ಚೆಂಡು. ಅದನ್ನು ಎದೆಗೆ ಅವಚಿಕೊಂಡು ಎದುರಾಳಿಗಳ ಸಾಲಿನೊಳಕ್ಕೆ ನುಗ್ಗಬೇಕು. ಕೈಯಿಂದ ಹಿಂದಕ್ಕೆ ಎಸೆಯಬಹುದು, ಮುಂದಕ್ಕೆ ಎಸೆಯುವ ಹಾಗಿಲ್ಲ. ನಿಮ್ಮವರನ್ನು ಆರು ಸಲ ಹಿಡಿದು ಕೆಡವಿದರೆ ಚೆಂಡು ಅವರ ಪಾಲು. ಹೀಗೆ 80 ನಿಮಿಷ. ಉಸಿರು ಕಟ್ಟಿ ಕಬಡ್ಡಿ ಕಬಡ್ಡಿ ಅನ್ನುವ ಕಷ್ಟ ಒಂದಿಲ್ಲ, ಮಿಕ್ಕಿದ್ದೆಲ್ಲ ಇದೆ. ತೊಡೆ ಹಿಡಿಯುವುದು, ಸೊಂಟ ಹಿಡಿಯುವುದು, ಇಬ್ಬರು ಸೇರಿ ಒಬ್ಬನನ್ನು ಎತ್ತಿ ಹಾಕುವುದು. ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ನೀವೇ.

13 ಜನರಲ್ಲಿ ಆರು ಜನರನ್ನು ಫಾರ್ವರ್ಡ್ ಅನ್ನುತ್ತಾರೆ. ದಪ್ಪ ಕತ್ತಿನ, ಅಗಲ ಭುಜದ ಆಳುಗಳು. ಅಂಚಿನಲ್ಲಿ ಓಡಿ ಅಂಕ ಗಳಿಸುವ ಹುಡುಗರಿಗೆ ಚಪ್ಪಾಳೆ. ಇವರದು ನಡುವೆ ನುಗ್ಗಿ ಪೆಟ್ಟು ತಿನ್ನುವ ಕೆಲಸ. ಇವತ್ತು ನಾನು ಬರೆಯಹೊರಟದ್ದು ಅಂಥ ಒಬ್ಬನ ಬಗ್ಗೆ. ಆರ್ಥರ್ ಬೀಟ್ಸನ್. ಇಲ್ಲಿ ಎಲ್ಲರಿಗೂ ಅವನು ಆರ್ಟಿ, ಬಿಗ್ ಆರ್ಟಿ. ದೊಡ್ಡವರನ್ನು ಏಕವಚನದಲ್ಲಿ ಬರೆಯುತ್ತಾಳಲ್ಲ ಅಂತ ಬೈಯಬೇಡಿ. ಈ ಊರಲ್ಲಿ ಯಾರೂ ಅವನನ್ನು ಬೇರೆ ಥರ ಕರೆದದ್ದು ನಾನು ಕೇಳಿಲ್ಲ.

ನನಗೆ ಇವನ ಗುಂಗು ಹತ್ತಿಸಿದ್ದು ನಾನು ಕೆಲಸ ಮಾಡುವ ವೃದ್ಧಾಶ್ರಮದ ಒಬ್ಬ ಅಜ್ಜ. ನನ್ನದು ರಾತ್ರಿ ಪಾಳಿ. ಅಜ್ಜನಿಗೆ ನಿದ್ದೆ ಇಲ್ಲ. ಅದರಲ್ಲೂ ಈ ತಿಂಗಳು ಬಂತೆಂದರೆ ಮುಗಿಯಿತು. ಸ್ಟೇಟ್ ಆಫ್ ಒರಿಜಿನ್ ಅಂತ ಪಂದ್ಯಗಳು ನಡೆಯುವ ಕಾಲ ಇದು. ಕ್ವೀನ್ಸ್‌ಲ್ಯಾಂಡ್‌ಗೂ ಪಕ್ಕದ ನ್ಯೂ ಸೌತ್ ವೇಲ್ಸ್‌ಗೂ ವರ್ಷಕ್ಕೆ ಮೂರು ಪಂದ್ಯ. ಅವತ್ತು ಅಡುಗೆಯವರಿಂದ ಹಿಡಿದು ಡಾಕ್ಟರ್‌ವರೆಗೆ ಎಲ್ಲರೂ ಕ್ವೀನ್ಸ್‌ಲ್ಯಾಂಡ್ ತಂಡದ ಕೆಂಗಂದು ಬಣ್ಣದ ಅಂಗಿ. ಅಜ್ಜ ತನ್ನ ಹಳೇ ಮಫ್ಲರನ್ನು ಮಂಚದ ಕಂಬಿಗೆ ಕಟ್ಟಿಸಿಕೊಳ್ಳುತ್ತಾನೆ. ಕಟ್ಟುವವಳು ನಾನೇ.

1980ರ ಜುಲೈ 8ರಂದು, ಮೊಟ್ಟಮೊದಲ ಒರಿಜಿನ್ ಪಂದ್ಯದ ದಿನ, ತಾನು ಬ್ರಿಸ್ಬೇನ್‌ನ ಲ್ಯಾಂಗ್ ಪಾರ್ಕ್ ಮೈದಾನದಲ್ಲಿ ಇದ್ದೆ ಅನ್ನುತ್ತಾನೆ ಅಜ್ಜ. ಈ ಕಡೆ ಎಪ್ಪತ್ತು ದಾಟಿದವರನ್ನು ಯಾರನ್ನೇ ಕೇಳಿ, ಅಲ್ಲಿದ್ದೆ ಅಂತಲೇ ಹೇಳುತ್ತಾರೆ. ಮೈದಾನದಲ್ಲಿ ಇದ್ದದ್ದು 33 ಸಾವಿರ ಜನ. ಲೆಕ್ಕ ಹೊಂದುವುದಿಲ್ಲ. ಇರಲಿ ಬಿಡಿ.

ಆರ್ಟಿ ಹುಟ್ಟಿದ್ದು 1945ರಲ್ಲಿ, ರೋಮಾ ಅನ್ನುವ ಊರಲ್ಲಿ. ಇಟಲಿಯದಲ್ಲ, ಬ್ರಿಸ್ಬೇನ್‌ನಿಂದ ಪಶ್ಚಿಮಕ್ಕೆ ಐನೂರು ಕಿಲೋಮೀಟರ್ ಹತ್ತಿರ, ದನಗಳ ಸಂತೆಗೆ ಹೆಸರಾದ ಊರು. ಅವನು ಮೂಲನಿವಾಸಿ ಮನೆತನದವನು. ಅಲ್ಲಿಂದ ಬಂದು ಸೇರಿದ್ದು ನಾನೀಗ ಕೂತು ಬರೆಯುತ್ತಿರುವ ಇದೇ ರೆಡ್‌ಕ್ಲಿಫ್‌ನ ಕ್ಲಬ್ಬಿಗೆ. ಮೊದಲು ಆಡಿದ್ದು ಓಡುವವನಾಗಿ. ಅಷ್ಟು ದೊಡ್ಡ ಮೈ ಇಟ್ಟುಕೊಂಡು! 1965ರಲ್ಲಿ ರೆಡ್‌ಕ್ಲಿಫ್ ಮೊದಲ ಸಲ ಬ್ರಿಸ್ಬೇನ್ ಚಾಂಪಿಯನ್ ಆಯಿತು. ಮರುವರ್ಷ ಆರ್ಟಿ ಸಿಡ್ನಿಗೆ ಹೊರಟ, ಬಾಲ್ಮೇನ್ ಕ್ಲಬ್ಬಿಗೆ.

ಇಲ್ಲಿಂದ ಮುಂದೆ ನಿಮಗೆ ಗೊತ್ತಿರುವ ಕಥೆಯೇ, ಚಿಕ್ಕಪ್ಪ. ಸಿಡ್ನಿಯಲ್ಲಿ ದುಡ್ಡಿತ್ತು. ನ್ಯೂ ಸೌತ್ ವೇಲ್ಸ್‌ನ ಕ್ಲಬ್ಬುಗಳಲ್ಲಿ 1956ರಿಂದಲೇ ಜೂಜಿನ ಯಂತ್ರಗಳಿಗೆ ಪರವಾನಗಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಅದು ಬರುವ ಹೊತ್ತಿಗೆ ತೊಂಬತ್ತರ ದಶಕ. ಆ ಯಂತ್ರಗಳ ದುಡ್ಡಿನಲ್ಲಿ ಸಿಡ್ನಿಯವರು ಇಲ್ಲಿನ ಒಳ್ಳೊಳ್ಳೆ ಆಟಗಾರರನ್ನು ಕರೆಸಿಕೊಂಡರು. ಆಗಿನ ನಿಯಮ ಏನು ಗೊತ್ತಾ? ನೀವು ಯಾವ ರಾಜ್ಯದ ಕ್ಲಬ್ಬಿಗೆ ಆಡುತ್ತೀರೋ ಆ ರಾಜ್ಯಕ್ಕೇ ಆಡಬೇಕು. ಹುಟ್ಟಿದ ಊರು ಲೆಕ್ಕಕ್ಕಿಲ್ಲ. ಹಾಗಾಗಿ ಆರ್ಟಿ ವರ್ಷಗಟ್ಟಲೆ ನ್ಯೂ ಸೌತ್ ವೇಲ್ಸ್‌ನ ನೀಲಿ ಅಂಗಿ ತೊಟ್ಟು ಕ್ವೀನ್ಸ್‌ಲ್ಯಾಂಡ್‌ನವರ ಮೇಲೇ ನುಗ್ಗಿದ. ಇವರ ಮಕ್ಕಳೇ ಹೋಗಿ ಇವರನ್ನು ಸೋಲಿಸುವುದು. ಕ್ವೀನ್ಸ್‌ಲ್ಯಾಂಡ್ ಸರಣಿ ಗೆದ್ದದ್ದು 1959ರಲ್ಲಿ, ಆಮೇಲೆ ಇಪ್ಪತ್ತು ವರ್ಷ ಇಲ್ಲ.

ನೀವೂ ಹಾಗೇ ಮುಂಬೈ ವರ್ಕ್‌ಶಾಪ್ ಕಬಡ್ಡಿ ಟೀಮಿನ ಜೊತೆ ನಮ್ಮೂರ ಜಾತ್ರೆ ಪಂದ್ಯಕ್ಕೆ ಬಂದದ್ದನ್ನು ಅಮ್ಮ ನೂರು ಸಲ ಹೇಳಿದ್ದಾರೆ. ಎದುರು ಅಂಕಣದಲ್ಲಿ ಅಪ್ಪ. ಬೇಲಿ ಹತ್ತಿರ ಕೂತವರು ನಿಮಗೆ ಏನೇನು ಅಂದರಂತೆ, ಅದನ್ನು ಕಾಗದದಲ್ಲಿ ಬರೆಯುವುದು ಬೇಡ. ರಾತ್ರಿ ನೀವು ಊಟಕ್ಕೂ ಮನೆಗೆ ಬರಲಿಲ್ಲವಂತೆ. ಟೀಮಿನವರ ಜೊತೆಯೇ ಲಾರಿ ಹತ್ತಿ ಹೋದಿರಂತೆ.

ಮತ್ತೆ ಆರ್ಟಿ ಕಡೆ ಬರುತ್ತೇನೆ. 1966ರಲ್ಲಿ ಅವನು ಆಸ್ಟ್ರೇಲಿಯಾ ತಂಡಕ್ಕೆ ಆಡಿದ. ಆಗಿನ್ನೂ ಈ ದೇಶದ ಸಂವಿಧಾನದಲ್ಲಿ, ಜನಸಂಖ್ಯೆ ಎಣಿಸುವಾಗ ಮೂಲನಿವಾಸಿಗಳನ್ನು ಲೆಕ್ಕಕ್ಕೆ ಹಿಡಿಯಬಾರದು ಎಂಬ ಸಾಲಿತ್ತು. ಅದನ್ನು ತೆಗೆದದ್ದು 1967ರಲ್ಲಿ, ಜನಮತ ಕೇಳಿ. ಅಂದರೆ ದೇಶದ ಅಂಗಿ ಮೈಮೇಲೆ ಮೊದಲು ಬಂತು, ದೇಶದ ಲೆಕ್ಕಕ್ಕೆ ಆಮೇಲೆ ಬಂದ. ಅಜ್ಜನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮಗೆ ಆಗ ಹಾಗನ್ನಿಸಲೇ ಇಲ್ಲ ಮಗೂ" ಅಂದ. 1973ರಲ್ಲಿ ಆರ್ಟಿ ಆಸ್ಟ್ರೇಲಿಯಾದ ನಾಯಕನಾದ. ಯಾವ ಆಟದಲ್ಲೇ ಆಗಲಿ, ಈ ದೇಶದ ತಂಡವನ್ನು ಮುನ್ನಡೆಸಿದ ಮೊದಲ ಮೂಲನಿವಾಸಿ ಅವನೇ.

ಶುರುವಿನಲ್ಲಿ ಅವನನ್ನು "ಅರ್ಧ ಆಟದ ಆರ್ಟಿ" ಅಂತ ಆಡಿಕೊಳ್ಳುತ್ತಿದ್ದರಂತೆ. ಮೊದಲರ್ಧ ಹುಲಿ, ಆಮೇಲೆ ಏದುಸಿರು. ಊಟದ ಮೇಲೆ ಭಾರೀ ಪ್ರೀತಿ. ಅವನು ತಿಂದ ಪೈಗಳ ಕಥೆ, ಹಾಟ್ ಡಾಗ್‌ಗಳ ಕಥೆ ಅವನ ಆಟದ ಕಥೆಗಿಂತ ಜಾಸ್ತಿ ಇವೆ. ಪಂದ್ಯಕ್ಕೆ ಮುಂಚೆ ನೀವು ಮುದ್ದೆ ನುಂಗುತ್ತಿದ್ದ ಲೆಕ್ಕ ಹೇಳಿದರೆ ಅಜ್ಜ ನಂಬಲೇ ಇಲ್ಲ, ಸಮ ಸಮ ಆಯಿತು. ಸಿಟ್ಟೂ ಇತ್ತು. 1969ರಲ್ಲಿ ಫೈನಲ್‌ಗೆ ಮುಂಚಿನ ಪಂದ್ಯದಲ್ಲಿ ರೆಫರಿ ಅವನನ್ನು ಹೊರಗೆ ಕಳಿಸಿದ. ಬಾಲ್ಮೇನ್ ಫೈನಲ್ ಗೆದ್ದಾಗ ಅಮಾನತಾದ ಇವನು ಆಡಲಿಲ್ಲ.

ಅವನನ್ನು ತಿದ್ದಿದ್ದು ಸಿಡ್ನಿಯ ಈಸ್ಟರ್ನ್ ಸಬರ್ಬ್ಸ್ ಕ್ಲಬ್, ಅದರಲ್ಲೂ ಜಾಕ್ ಗಿಬ್ಸನ್ ಅನ್ನುವ ಕೋಚ್. 1971ರಲ್ಲಿ ಅಲ್ಲಿಗೆ ಹೋದ. 1974ರಲ್ಲಿ ಗಿಬ್ಸನ್ ಬಂದ, ಇವನು ನಾಯಕ. ಆ ವರ್ಷವೂ ಮರುವರ್ಷವೂ ಚಾಂಪಿಯನ್ನರು. 1975ರಲ್ಲಿ ಒಂದೇ ಸಮ 19 ಪಂದ್ಯ ಗೆದ್ದು, ಫೈನಲ್‌ನಲ್ಲಿ ಸೇಂಟ್ ಜಾರ್ಜ್ ತಂಡವನ್ನು 38-0 ಅಂತ ಮಣ್ಣು ಮುಕ್ಕಿಸಿದರು.

ಅವನ ವಿದ್ಯೆ ಯಾವುದು ಅಂತ ನಾನು ಹಳೇ ವಿಡಿಯೋ ನೋಡಿ ಕಲಿತೆ. ನಿಮಗೆ ಇದು ಇಷ್ಟ ಆಗುತ್ತದೆ. ಬೇರೆ ಫಾರ್ವರ್ಡ್‌ಗಳು ತಲೆ ತಗ್ಗಿಸಿ ನುಗ್ಗುತ್ತಾರೆ, ಬೀಳುತ್ತಾರೆ. ಆರ್ಟಿ ಬೀಳುವುದೇ ಇಲ್ಲ. ಮೂರು ಜನ ನೇತಾಡುತ್ತಿರುತ್ತಾರೆ, ಇವನು ಕೈ ಮಾತ್ರ ಮೇಲಕ್ಕೆ ಇಟ್ಟುಕೊಂಡು ನಿಂತಿರುತ್ತಾನೆ. ಆಮೇಲೆ ಆ ಗುಂಪಿನ ನಡುವಿನಿಂದ ಚೆಂಡು ಮೆಲ್ಲಗೆ ಪಕ್ಕದವನ ಕೈಗೆ ಬಂದು ಬೀಳುತ್ತದೆ. ಇವನನ್ನು ಹಿಡಿಯಲು ಮೂರು ಜನ ಬಂದರಲ್ಲ, ಅವರ ಜಾಗ ಖಾಲಿ. ಪಕ್ಕದವನು ಅಲ್ಲಿಂದ ನುಸುಳಿ ಓಡುತ್ತಾನೆ. ಅಷ್ಟು ದೊಡ್ಡ ಮೈ, ಬೆರಳು ಮಾತ್ರ ಹೂ ಕಟ್ಟುವವರ ಬೆರಳು.

ಈಗ 1980. ಆರ್ಟಿಗೆ 35. ಸಿಡ್ನಿಯ ಪ್ಯಾರಮ್ಯಾಟ ಕ್ಲಬ್ಬಿನಲ್ಲಿದ್ದ, ಅಲ್ಲೂ ಮೊದಲ ತಂಡದಲ್ಲಿ ಜಾಗ ಇಲ್ಲದೆ ಎರಡನೇ ತಂಡಕ್ಕೆ ಆಡುತ್ತಿದ್ದ. ಆ ವರ್ಷ ಹಳೇ ನಿಯಮದ ಎರಡು ಪಂದ್ಯವನ್ನೂ ನ್ಯೂ ಸೌತ್ ವೇಲ್ಸ್ ಗೆದ್ದಾಗಿತ್ತು. ಮೂರನೆಯದನ್ನು ಹೊಸ ರೀತಿಯಲ್ಲಿ ಆಡೋಣ, ಹುಟ್ಟೂರಿನ ಲೆಕ್ಕದಲ್ಲಿ ಅಂತ ಕ್ವೀನ್ಸ್‌ಲ್ಯಾಂಡ್ ಲೀಗಿನ ಮುಖ್ಯಸ್ಥ ರಾನ್ ಮೆಕಾಲಿಫ್ ಪಟ್ಟು ಹಿಡಿದ. ಸಿಡ್ನಿಯ ಕೆಲವರು ನಕ್ಕರು. ಸ್ನೇಹಿತರು ಸ್ನೇಹಿತರನ್ನೇ ಹೊಡೀತಾರಾ, ಇದೆಲ್ಲ ನಾಟಕ ಅಂದರು.

ಕೆಂಗಂದು ಅಂಗಿ ತೊಟ್ಟು ತಂಡದ ಮುಂದೆ ಆರ್ಟಿ ಓಡಿ ಬಂದಾಗ ಎದ್ದ ಸದ್ದು ಇವತ್ತಿಗೂ ಕಿವಿಯಲ್ಲಿದೆ ಅನ್ನುತ್ತಾನೆ ಅಜ್ಜ. ಹೇಳುವಾಗ ಅವನ ಗಂಟಲು ಕಟ್ಟುತ್ತದೆ, ಅದನ್ನು ನೋಡಿ ಇವನು ನಿಜವಾಗಿಯೂ ಅಲ್ಲಿದ್ದ ಅಂತ ನಾನು ನಂಬಿದ್ದೇನೆ. ಮೊದಲ ನಿಮಿಷದಿಂದಲೇ ಬಡಿದಾಟ. ಅವತ್ತೇ 20 ತುಂಬಿದ ಮಾಲ್ ಮೆನಿಂಗಾ ಅನ್ನುವ ಹುಡುಗ ಒದ್ದ ಏಳಕ್ಕೆ ಏಳೂ ಗೋಲು. ಕ್ವೀನ್ಸ್‌ಲ್ಯಾಂಡ್ 20-10.

ಆದರೆ ಜನ ಇವತ್ತಿಗೂ ಮಾತಾಡುವುದು ಅಂಕದ ಬಗ್ಗೆ ಅಲ್ಲ. ಎದುರು ತಂಡದಲ್ಲಿ ಮಿಕ್ ಕ್ರೋನಿನ್ ಇದ್ದ. ಪ್ಯಾರಮ್ಯಾಟದಲ್ಲಿ ಆರ್ಟಿಯ ಜೊತೆಗಾರ. ಅವನನ್ನು ಹಿಡಿಯುವಾಗ ಆರ್ಟಿಯ ಕೈ ಅವನ ಮುಖಕ್ಕೆ ಬಡಿಯಿತು. ಗುದ್ದಿದ ಅನ್ನುವವರಿದ್ದಾರೆ, ತಗುಲಿತು ಅಷ್ಟೇ ಅನ್ನುವವರಿದ್ದಾರೆ. ವರ್ಷ ಕಳೆದ ಹಾಗೆ ಆ ಗುದ್ದು ದೊಡ್ಡದಾಗುತ್ತಲೇ ಹೋಗಿದೆ. ಯಾಕೆಂದರೆ ನಾಟಕ ಅಂದವರಿಗೆ ಉತ್ತರ ಅದೇ ಅಲ್ವಾ? ಜೊತೆಗಾರನೂ ಇಲ್ಲ, ಎಂಥದೂ ಇಲ್ಲ, ಇವತ್ತು ನಾನು ನನ್ನೂರಿನವನು.

ನನಗೇನೋ ಕೈ ತಗುಲಿದ್ದೇ ನಿಜ ಅನ್ನಿಸುತ್ತದೆ. ಅಜ್ಜನ ಮುಂದೆ ಹೇಳುವ ಧೈರ್ಯ ಇಲ್ಲ.

ಆಮೇಲೆ ಕೋಚ್ ಆದ. 1981ರಲ್ಲಿ ಒಂದೇ ಒಂದು ಒರಿಜಿನ್ ಪಂದ್ಯ. ಕ್ವೀನ್ಸ್‌ಲ್ಯಾಂಡ್ 0-15 ಹಿಂದೆ ಬಿದ್ದು 22-15ಕ್ಕೆ ಗೆದ್ದಿತು. 1982, 83, 84, ಮೂರು ವರ್ಷವೂ ಸರಣಿ 2-1, ಮೂರು ವರ್ಷವೂ ಕೋಚ್ ಇವನೇ. 1989ರಲ್ಲಿ ಮತ್ತೆ ಕರೆದರು, 3-0. ಮರುವರ್ಷ ಸೋಲು. ಕ್ಲಬ್ಬುಗಳಲ್ಲಿ ಇಷ್ಟು ಒದಗಲಿಲ್ಲ. 1987ರಲ್ಲಿ ತನ್ನ ಹಳೇ ಈಸ್ಟರ್ನ್ ಸಬರ್ಬ್ಸ್ ತಂಡವನ್ನು ಫೈನಲ್‌ನ ಹೊಸ್ತಿಲವರೆಗೆ ತಂದ, ದಾಟಿಸಲಾಗಲಿಲ್ಲ. ಸಿಡ್ನಿಯ ಕ್ರೊನಲ್ಲಾ ಕ್ಲಬ್ಬಿನಲ್ಲಿ ಎರಡು ವರ್ಷ, ಹೇಳಿಕೊಳ್ಳುವಂಥದ್ದಲ್ಲ. 1983ರಲ್ಲಿ ಆಸ್ಟ್ರೇಲಿಯಾಕ್ಕೂ ಕೋಚ್ ಆದ, ನ್ಯೂಜಿಲೆಂಡ್ ಎದುರು ಒಂದು ಗೆದ್ದು ಒಂದು ಸೋತ. ಸೋತದ್ದು ಇದೇ ಲ್ಯಾಂಗ್ ಪಾರ್ಕ್‌ನಲ್ಲಿ! ವರ್ಷಪೂರ್ತಿ ದಿನಾ ಬೆಳಗ್ಗೆ ಎದ್ದು ಹುಡುಗರನ್ನು ಓಡಿಸುವ ಕೋಚ್ ಬೇರೆ, ಮೂರು ರಾತ್ರಿಗೆ ಎದೆ ಹೊತ್ತಿಸುವ ಕೋಚ್ ಬೇರೆ. ಇವನು ಎರಡನೆಯವನು ಅಂತ ನನ್ನ ಲೆಕ್ಕ.

2003ರಲ್ಲಿ ಅವನಿಗೆ ಇಮ್ಮಾರ್ಟಲ್, ಅಂದರೆ ಅಮರ ಅನ್ನುವ ಬಿರುದು ಕೊಟ್ಟರು. ಈ ಆಟದಲ್ಲಿ ಅದಕ್ಕಿಂತ ದೊಡ್ಡದಿಲ್ಲ, ಅವನು ಏಳನೆಯವನು. 2011ರ ಡಿಸೆಂಬರ್ 1ರಂದು ಗೋಲ್ಡ್ ಕೋಸ್ಟ್‌ನಲ್ಲಿ ಸೈಕಲ್ ಹೊಡೆಯುತ್ತಿದ್ದವನಿಗೆ ಹೃದಯಾಘಾತ. ಹೋಗಿಬಿಟ್ಟ. 66 ವಯಸ್ಸು.

ಹೋದ ವಾರ ರಜೆ ಇತ್ತು. ರೈಲು ಹತ್ತಿ ಬ್ರಿಸ್ಬೇನ್‌ಗೆ ಹೋಗಿ ಲ್ಯಾಂಗ್ ಪಾರ್ಕ್ ನೋಡಿ ಬಂದೆ. ಈಗ ಅದಕ್ಕೆ ಸನ್‌ಕಾರ್ಪ್ ಸ್ಟೇಡಿಯಂ ಅಂತ ಹೆಸರು. ಬಹಳ ಹಿಂದೆ ಅದು ಸ್ಮಶಾನವಾಗಿತ್ತಂತೆ, ಚಿಕ್ಕಮ್ಮನಿಗೆ ಹೇಳಬೇಡಿ, ತಲೆಗೆ ಸ್ನಾನ ಮಾಡಿದೆಯಾ ಅಂತ ಕೇಳುತ್ತಾರೆ. ಹೊರಗೆ ಆರ್ಟಿಯ ಕಂಚಿನ ಪ್ರತಿಮೆ ಇದೆ. ಪಕ್ಕದಲ್ಲಿ ನಿಂತು ತೆಗೆಸಿಕೊಂಡ ಫೋಟೋ ಇದರ ಜೊತೆಗಿದೆ. ತೆಗೆದುಕೊಟ್ಟ ಹುಡುಗ ನನ್ನ ತಲೆ ಅರ್ಧ ಕತ್ತರಿಸಿದ್ದಾನೆ, ಆರ್ಟಿ ಪೂರ್ತಿ ಬಂದಿದ್ದಾನೆ.

ಅಲ್ಲಿ ನಿಂತಾಗಲೇ ನಿಮ್ಮನ್ನು ಒಂದು ಮಾತು ಕೇಳಬೇಕು ಅನ್ನಿಸಿದ್ದು. ಆ ಜಾತ್ರೆ ಪಂದ್ಯದಲ್ಲಿ ಕೊನೆಯ ರೈಡ್‌ಗೆ ಬಂದದ್ದು ಅಪ್ಪ. ಅವರ ಕಣಕಾಲು ನಿಮ್ಮ ಕೈಗೆ ಸಿಕ್ಕಿತ್ತು. ಇಷ್ಟರವರೆಗೆ ಎಲ್ಲರೂ ಒಪ್ಪುತ್ತಾರೆ. ಆಮೇಲೆ ನಿಮ್ಮ ಕೈಯಿಂದ ಕಾಲು ಜಾರಿತು, ಅಪ್ಪ ಗೆರೆ ಮುಟ್ಟಿದರು, ನಮ್ಮೂರು ಒಂದು ಪಾಯಿಂಟಿನಲ್ಲಿ ಗೆದ್ದಿತು. ನಾನೇ ಜಾಡಿಸಿ ಬಿಡಿಸಿಕೊಂಡೆ ಅನ್ನುತ್ತಾರೆ ಅಪ್ಪ. ಅಮ್ಮ ಒಲೆ ಕಡೆ ಮುಖ ಮಾಡಿಕೊಂಡು, "ಅವನ ಹಿಡಿತ ಬಿಡಿಸಿಕೊಂಡವರು ಇನ್ನೂ ಹುಟ್ಟಿಲ್ಲ" ಅನ್ನುತ್ತಾರೆ.

ಯಾವುದು ನಿಜ? ಫೋನಿನಲ್ಲಿ ಹೇಳಬೇಡಿ, ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ. ಎರಡು ಸಾಲು ಬರೆದು ಕಳಿಸಿ. ಅಜ್ಜನೂ ಕಾಯುತ್ತಿದ್ದಾನೆ, ಅವನಿಗೆ ಈ ಕಥೆ ಹೇಳಿಬಿಟ್ಟಿದ್ದೇನೆ.

ಮಂಡಿಪಟ್ಟಿ ಹಾಕಿಕೊಳ್ಳಿ.

ನಿಮ್ಮ ಮಗಳು