ಅಟ್ಟ ಸೇರಿದ ಫೋಟೋಗಳು

ಗದಗ
ಸೋಮವಾರ ಸಂಜೆ

ಚಿರಂಜೀವಿ ಅಳಿಯನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು. ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಅತ್ತೆಯ ಮೊಣಕಾಲು ಮಾತ್ರ ಮಳೆ ಹಿಡಿದಾಗಿನಿಂದ ಮಾತು ಕೇಳುತ್ತಿಲ್ಲ.

ಮೊನ್ನೆ ರಾತ್ರಿ ನಿನ್ನ ಅವ್ವ ಫೋನ್ ಮಾಡಿದ್ದಳು. ಅರ್ಧ ಮಾತು, ಅರ್ಧ ಅಳು. ಮೊಬೈಲಿನಲ್ಲಿ ಬರುವ ಯಾವನೋ ಗುರುವಿನ ಪೂಜೆಗೆಂದು ಅವಳು ಹನ್ನೊಂದು ಸಾವಿರ ಕಳಿಸಿದ್ದು ನಿನಗೆ ಗೊತ್ತಾಯಿತಂತೆ. ನೀನು ಕೂಗಾಡಿ, ಸ್ಟೂಲ್ ಹತ್ತಿ, ಗೋಡೆಯ ಮೇಲಿದ್ದ ಸ್ವಾಮಿಗಳ ಫೋಟೋಗಳನ್ನೆಲ್ಲ ಕಿತ್ತು ಅಟ್ಟಕ್ಕೆ ಹಾಕಿದೆಯಂತೆ. ಸಿದ್ಧಾರೂಢರು, ಪುಟ್ಟರಾಜ ಗವಾಯಿಗಳು, ತೋಂಟದ ಸಿದ್ಧಲಿಂಗ ಸ್ವಾಮಿಗಳು, ಮೂವರೂ ಈಗ ತೂತು ಬಿದ್ದ ಕುಕ್ಕರಿನ ಪಕ್ಕ ಇದ್ದಾರೆಂದಳು. “ಕಾವಿ ಅಂದಮೇಲೆ ಎಲ್ಲವೂ ಒಂದೇ” ಎಂದೆಯಂತೆ.

ನಿನಗೆ ಸಿಟ್ಟು ಬಂದದ್ದು ಸರಿಯೇ. ಬರದಿದ್ದರೆ ನಾನೇ ಚಿಂತೆ ಮಾಡುತ್ತಿದ್ದೆ. 2017ರಲ್ಲಿ ಗುರ್ಮೀತ್ ರಾಮ್ ರಹೀಮನನ್ನು ಅತ್ಯಾಚಾರದ ಅಪರಾಧಿ ಎಂದು ಕೋರ್ಟು ಹೇಳಿದ ದಿನ ಅವನ ಭಕ್ತರು ಪಂಚಕುಲಾದಲ್ಲಿ ಬೆಂಕಿ ಹಚ್ಚಿದರು. 30ಕ್ಕೂ ಹೆಚ್ಚು ಜನ ಸತ್ತರು. ಮರು ವರ್ಷ ಆಸಾರಾಮನಿಗೆ ಬಾಲಕಿಯ ಮೇಲಿನ ಅತ್ಯಾಚಾರಕ್ಕಾಗಿ ಜೀವಾವಧಿ ಶಿಕ್ಷೆಯಾಯಿತು. 2024ರಲ್ಲಿ ಔಷಧದ ಜಾಹೀರಾತುಗಳ ಪ್ರಕರಣದಲ್ಲಿ ಬಾಬಾ ರಾಮದೇವರ ಪತಂಜಲಿ ಕಂಪನಿಯವರು ಪತ್ರಿಕೆಯಲ್ಲಿ ಕ್ಷಮೆ ಕೇಳಿದಾಗ, ಜಾಹೀರಾತಿನಷ್ಟೇ ದೊಡ್ಡದಾಗಿ ಕ್ಷಮಾಪಣೆಯನ್ನೂ ಅಚ್ಚು ಹಾಕಿಸಿದ್ದೀರಾ ಎಂದು ಸುಪ್ರೀಂ ಕೋರ್ಟು ವಿಚಾರಿಸಿತು. ಆ ಪ್ರಶ್ನೆಯನ್ನು ಓದಿ ನಾನು ಚಹಾ ಆರುವವರೆಗೂ ನಕ್ಕಿದ್ದೆ. ಇಷ್ಟೆಲ್ಲ ಆದ ಮೇಲೆಯೂ ಜನ ಕಣ್ಣು ಮುಚ್ಚಿ ಕಾಲಿಗೆ ಬೀಳಬೇಕು ಎಂದು ನಾನು ಹೇಳುವವನಲ್ಲ.

ಅಷ್ಟೇ ಅಲ್ಲ, ನಾನೂ ಮೋಸ ಹೋದವನೇ. ಇದು ನಿನ್ನ ಅವ್ವನಿಗೂ ಗೊತ್ತಿಲ್ಲ. ಹತ್ತು ಹನ್ನೆರಡು ವರ್ಷದ ಹಿಂದೆ ಹುಬ್ಬಳ್ಳಿಯ ಒಂದು ಕಲ್ಯಾಣ ಮಂಟಪದಲ್ಲಿ ದೊಡ್ಡ ಗುರುಗಳೊಬ್ಬರ ಶಿಬಿರವಿತ್ತು. ಬಾಗಿಲಲ್ಲೇ ಮುಂಗೈಗೆ ಪಟ್ಟಿ ಕಟ್ಟುತ್ತಿದ್ದರು. ಕೆಂಪು ಪಟ್ಟಿಯವರು ಮುಂದೆ, ಹಳದಿಯವರು ಹಿಂದೆ. ದರ ಬೇರೆ ಬೇರೆ. ನಾವು ಹಳದಿ. ಗುರುಗಳು ವೇದಿಕೆಯಲ್ಲಿ ಹೆಬ್ಬೆರಳಿನಷ್ಟು ಕಾಣುತ್ತಿದ್ದರು, ಪಕ್ಕದ ಪರದೆಯ ಮೇಲೆ ಆನೆಯಷ್ಟು. ಹೊರಡುವಾಗ ನಿನ್ನ ಅತ್ತೆಯ ಮೊಣಕಾಲಿಗೆಂದು ಮಂತ್ರಿಸಿದ ಎಣ್ಣೆಯ ಶೀಶೆ ಕೊಂಡೆವು. ನಾಲ್ಕು ಸಾವಿರ. ರಸೀದಿ ಕೇಳಿದೆ. ಬಿಳಿ ಸೀರೆಯ ಹುಡುಗಿ ಮುಗುಳ್ನಕ್ಕು, “ಗುರುಗಳಿಗೂ ರಸೀದಿ ಕೇಳುತ್ತೀರಾ ಅಂಕಲ್?” ಎಂದಳು. ಮೂವತ್ತನಾಲ್ಕು ವರ್ಷ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತವನು, ಹತ್ತು ರೂಪಾಯಿಯ ಲೆಕ್ಕ ತಪ್ಪಿದರೆ ರಾತ್ರಿ ಎಂಟಾದರೂ ಮನೆಗೆ ಬಾರದವನು, ಆ ಒಂದು ನಗೆಗೆ ನಾಚಿ ಸುಮ್ಮನೆ ಬಂದುಬಿಟ್ಟೆ. ಇಂತಿಂಥ ರೋಗ ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದೇ ಅಪರಾಧವೆನ್ನುವ ಕಾಯ್ದೆ 1954ರಿಂದಲೇ ಇದೆ ಎಂಬುದು ನನಗೆ ತಿಳಿದದ್ದು ಆಮೇಲೆ. ಎಣ್ಣೆಯನ್ನು ನಿನ್ನ ಅತ್ತೆ ಬಾಗಿಲಿನ ಬಿಜಾಗರಿಗೆ ಬಿಟ್ಟು ಖರ್ಚು ಮಾಡಿದಳು. ಬಾಗಿಲಿಗೆ ಗುಣ ಬಂತು.

ಆದರೆ ತಮ್ಮಾ, ಆ ಹೆಬ್ಬೆರಳಿನಷ್ಟು ಕಂಡವರನ್ನೂ ನೀನು ಅಟ್ಟಕ್ಕೆ ಹಾಕಿದವರನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡ. ತಕ್ಕಡಿ ಎಂದಾಗ ನೆನಪಾಯಿತು. ಪುಟ್ಟರಾಜ ಗವಾಯಿಗಳ ತುಲಾಭಾರವನ್ನು ನಾನು ಎಷ್ಟು ಸಲ ನೋಡಿದ್ದೇನೋ. ಒಂದು ಕಡೆ ಕಣ್ಣು ಕಾಣದ ಆ ಅಜ್ಜ, ಇನ್ನೊಂದು ಕಡೆ ನಾಣ್ಯದ ಚೀಲಗಳು. ದುಡ್ಡು ಎಲ್ಲಿಗೆ ಹೋಯಿತೆಂದು ತಿಳಿಯಲು ಲೆಕ್ಕಪತ್ರ ಬೇಕಾಗಿರಲಿಲ್ಲ. ವೀರೇಶ್ವರ ಪುಣ್ಯಾಶ್ರಮದಲ್ಲಿ ಊಟದ ಹೊತ್ತಿಗೆ ಹೋಗಿ ನಿಂತರೆ ಸಾಕಿತ್ತು. ಅಂಧ ಮಕ್ಕಳು ಒಬ್ಬರ ಹೆಗಲ ಮೇಲೆ ಒಬ್ಬರು ಕೈಯಿಟ್ಟು ಸಾಲಾಗಿ ಬಂದು ಕೂರುತ್ತಿದ್ದರು, ತಾಟಿನ ಅಂಚನ್ನು ಬೆರಳಿನಿಂದ ಒಂದು ಸುತ್ತು ಸವರಿ ರೊಟ್ಟಿಗೆ ಕೈ ಹಾಕುತ್ತಿದ್ದರು. ಗುರು ಪಂಚಾಕ್ಷರ ಗವಾಯಿಗಳು 1944ರಲ್ಲಿ ತೀರಿಕೊಂಡ ಮೇಲೆ 2010ರವರೆಗೆ ಆ ಒಲೆ ಆರದಂತೆ ನೋಡಿಕೊಂಡವರು ಅವರು, ನಾಟಕ ಕಂಪನಿ ಕಟ್ಟಿ ಊರೂರು ತಿರುಗಿಯೂ. ಅವರ ಲೆಕ್ಕವನ್ನು ಇಡೀ ಗದಗ ನೋಡುತ್ತಿತ್ತು.

ಮುಖ್ಯವಾದದ್ದು ಅದೇ, ನೋಡುವ ದೂರ. ಊರ ಸ್ವಾಮಿಗಳು ಏನು ಉಣ್ಣುತ್ತಾರೆ, ಯಾರ ಕಾರು ಮಠದ ಮುಂದೆ ನಿಲ್ಲುತ್ತದೆ, ಯಾರ ಮೇಲೆ ರೇಗುತ್ತಾರೆ ಎಂಬುದು ಹೂ ಮಾರುವವಳಿಗೂ ಗೊತ್ತಿರುತ್ತಿತ್ತು. ಭಕ್ತಿಯೂ ಇತ್ತು, ಕಾವಲೂ ಇತ್ತು. 2011ರಲ್ಲಿ ಪೋಸ್ಕೋ ಕಂಪನಿಯ ಉಕ್ಕಿನ ಕಾರ್ಖಾನೆಗೆಂದು ಹಳ್ಳಿಗುಡಿಯ ರೈತರ ಜಮೀನಿಗೆ ಕೈ ಹಾಕಿದಾಗ ತೋಂಟದ ಸ್ವಾಮಿಗಳು ಮಠದಲ್ಲಿ ಕೂರಲಿಲ್ಲ, ರೈತರ ಮುಂದೆ ನಿಂತರು, ಯೋಜನೆ ಬಿದ್ದುಹೋಯಿತು. ಅದನ್ನು ಪರದೆಯ ಮೇಲೆ ನೋಡಿ ನಂಬಿದ್ದಲ್ಲ, ಬೀದಿಯಲ್ಲಿ ನೋಡಿದ್ದು. ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳ ಅಂಗಿಗೆ ಜೇಬೇ ಇರಲಿಲ್ಲ. 2018ರಲ್ಲಿ ಪದ್ಮಶ್ರೀ ಬಂದರೆ ವಿನಯದಿಂದ ಬೇಡವೆಂದರು.

ಹಾಗೆಂದು ನಮ್ಮ ಮಠಗಳೆಲ್ಲ ತೊಳೆದ ಮುತ್ತು ಎಂದು ತಿಳಿಯಬೇಡ. ಪೀಠಕ್ಕಾಗಿ ಕೋರ್ಟು ಹತ್ತಿದವರು ನಮ್ಮ ಭಾಗದಲ್ಲೂ ಇದ್ದಾರೆ. ತಮ್ಮ ಜಾತಿಯ ಶಾಸಕನಿಗೆ ಮಂತ್ರಿಗಿರಿ ಕೊಡದಿದ್ದರೆ ನೋಡಿ ಎಂದು ಪತ್ರಿಕಾಗೋಷ್ಠಿ ಕರೆಯುವ ಸ್ವಾಮಿಗಳನ್ನು ಕಂಡಾಗ, ಅವರು ಕಾವಿ ಬದಲು ಪಕ್ಷದ ಶಾಲನ್ನೇ ಹೊದ್ದುಕೊಂಡಿದ್ದರೆ ಮರ್ಯಾದೆಯಿತ್ತು ಎನ್ನಿಸುತ್ತದೆ. ಅಂಥವರ ಫೋಟೋ ನಿಮ್ಮ ಗೋಡೆಯಲ್ಲಿ ಎಂದೂ ಇರಲಿಲ್ಲ ಎಂಬುದನ್ನು ಗಮನಿಸಿದೆಯಾ? ಯಾರನ್ನು ತೂಗುಹಾಕಬೇಕು ಎಂಬ ವಿವೇಕ ನಿನ್ನ ಅವ್ವನಿಗೆ ನಿನಗಿಂತ ಮೊದಲೇ ಇತ್ತು.

ಹಾಗಾದರೆ ಈ ಸಲ ಹೇಗೆ ತಪ್ಪಿದಳು? ನೀನು ಕೇಳಲಿಲ್ಲ, ನಾನು ಕೇಳಿದೆ. ಆ ಗುರುವಿನ ಕಡೆಯಿಂದ ದಿನಾ ಬೆಳಗ್ಗೆ ಆರಕ್ಕೆ ಅವಳ ಹೆಸರು ಹಿಡಿದು ಒಂದು ಸಂದೇಶ ಬರುತ್ತಿತ್ತಂತೆ: ರಾತ್ರಿ ನಿದ್ದೆ ಬಂತಾ ತಾಯಿ, ಎಂದು. ಯಂತ್ರ ಕಳಿಸುವ ಸಂದೇಶವೆಂದು ನಿನಗೂ ನನಗೂ ಗೊತ್ತು. ನಿನ್ನ ಅಪ್ಪ ಹೋದ ಮೇಲೆ ಅವಳನ್ನು ಆ ಮಾತು ಕೇಳಿದವರು ಬೇರೆ ಯಾರೂ ಇಲ್ಲ, ನಾನೂ ಸೇರಿ. ಪೂಜೆ ಯಾವುದಕ್ಕೆಂದರೆ, ನಿನ್ನ ಮದುವೆಗೆ.

ಹನ್ನೊಂದು ಸಾವಿರದ ಆಸೆ ಬಿಡು. ಆದರೂ ರಸೀದಿ ಕೇಳಿ ಒಂದು ಪತ್ರ ಬರೆ, ನಾನು ಅಂದು ಕೇಳದೆ ಬಂದದ್ದನ್ನು ನೀನಾದರೂ ಕೇಳು. ಅವಳ ಫೋನಿನಲ್ಲಿ ಹಣ ಕಳಿಸಲು ದಿನದ ಮಿತಿ ಹಾಕು. ಕದ್ದು ಹಾಕಬೇಡ, ಪಕ್ಕದಲ್ಲಿ ಕೂರಿಸಿಕೊಂಡು ಅವಳ ಕೈಯಿಂದಲೇ ಹಾಕಿಸು. ಸೋಮವಾರ ಅವಳು ಸಿದ್ಧಾರೂಢ ಮಠಕ್ಕೆ ಹೋಗುವುದನ್ನು ತಡೆಯಬೇಡ. ಸಾಧ್ಯವಾದರೆ ಗಾಡಿಯಲ್ಲಿ ಬಿಟ್ಟು ಬಾ. ಕೈ ಮುಗಿಯುವುದು ಬಿಡುವುದು ನಿನ್ನ ಇಷ್ಟ.

ಭಾನುವಾರ ನಾವಿಬ್ಬರೂ ಹುಬ್ಬಳ್ಳಿಗೆ ಬರುತ್ತೇವೆ. ಅಷ್ಟರಲ್ಲಿ ಆ ಮೂರು ಫೋಟೋ ಇಳಿಸಿ ಗಾಜು ಒರೆಸಿಡು. ನಾಲ್ಕನೆಯದೊಂದು ಇದೆಯಂತೆ, ಮೊಬೈಲ್ ಗುರುವಿನದು, ಕೊರಿಯರಿನಲ್ಲಿ ಬಂದದ್ದು. ಅದು ಕುಕ್ಕರಿನ ಹತ್ತಿರವೇ ಇರಲಿ. ಅದರ ಮೊಳೆಗೆ ಒಂದು ಕ್ಯಾಲೆಂಡರ್ ತಂದು ಹಾಕು. ಅಮಾವಾಸ್ಯೆ ಎಂದು ನೋಡಲು ನಿನ್ನ ಅವ್ವ ಪಕ್ಕದ ಮನೆಗೆ ಹೋಗುತ್ತಾಳಂತೆ.

ಇಂತಿ ನಿನ್ನ ಮಾವ