ಅಲೆಪ್ಪಿ ಜೆಟ್ಟಿಯ ಚೇಟ್ಟನಿಗೆ ಥ್ಯಾಂಕ್ಸ್

ಹೌಸ್‌ಬೋಟಲ್ಲಿ 2 ರಾತ್ರಿ ಇರೋಣ ಅಂತ ಅಲೆಪ್ಪಿಗೆ ಹೋಗಿದ್ದೆವು. ಜೆಟ್ಟಿ ಹತ್ತಿರ ಚಹಾ ಕುಡಿಯುತ್ತಿದ್ದ ಹಿರಿಯ ಚೇಟ್ಟ (ಮಲಯಾಳಂನಲ್ಲಿ ಅಣ್ಣ) ಒಬ್ಬರು ನಮ್ಮ ಪ್ಲಾನ್ ಕೇಳಿ ನಕ್ಕರು. ಸಂಜೆ 5.30ರ ಹೊತ್ತಿಗೆ ಬೋಟನ್ನು ದಡಕ್ಕೆ ಕಟ್ಟಿಬಿಡುತ್ತಾರೆ, ರಾತ್ರಿ ಮೀನುಗಾರರು ಬಲೆ ಹಾಕುತ್ತಾರೆ, ಹಾಗಾಗಿ ಒಂದು ರಾತ್ರಿ ಸಾಕು ಅಂದರು. ತಿಂಗಳಿಡೀ ತಲೆ ಕೆಡಿಸಿಕೊಂಡರೂ ಇದು ನಮಗೆ ಹೊಳೆದಿರಲಿಲ್ಲ!

ಮರುದಿನಕ್ಕೆ ಕೊಟ್ಟಾಯಂ ಕಡೆ ಹೋಗುವ ಸರ್ಕಾರಿ ಬೋಟ್ ತೋರಿಸಿದರು. ಸುಮಾರು ಎರಡೂವರೆ ಗಂಟೆ ದಾರಿ, ಬಸ್ಸಿನಂತೆ ಅಗ್ಗದ ಟಿಕೆಟ್. ಶಾಲೆ ಮಕ್ಕಳು, ಸಂತೆ ಚೀಲಗಳ ನಡುವೆ ಕೂತು ಕುಟ್ಟನಾಡು ಎಂಬ ಭತ್ತದ ಸೀಮೆ ನೋಡಿದೆವು. ಕಾಲುವೆ ನೀರು ಮೇಲೆ, ಭತ್ತದ ಗದ್ದೆ ಕೆಳಗೆ! ರೈತರ ಮನೆಯಲ್ಲೇ ಹುಟ್ಟಿದ ನಮ್ಮಮ್ಮ ಕಣ್ಣರಳಿಸಿ ಕೂತಿದ್ದರು. ನಿಜ ಹೇಳಬೇಕೆಂದರೆ ಹೌಸ್‌ಬೋಟಿಗಿಂತ ಅದೇ ಜಾಸ್ತಿ ಹಿಡಿಸಿತು.

ಚೇಟ್ಟಾ, ನಿಮ್ಮ ಹೆಸರನ್ನೇ ಕೇಳಲಿಲ್ಲ. ನಮ್ಮ ಚಹಾದ ದುಡ್ಡನ್ನೂ ನೀವೇ ಕೊಟ್ಟು ಹೋದಿರಿ. ತುಂಬಾ ಥ್ಯಾಂಕ್ಸ್.